ಅಥೀನಾಗೆ ಎಷ್ಟು ಲಾಂಛನ ಬೇಕು?

ಗ್ರೀಕ್ ದೇವಿ ಅಥೀನಾಳ ಚಿತ್ರ ಬರೆಯುವಾಗ ಗೂಬೆ, ಆಲಿವ್, ಈಟಿ, ಗುರಾಣಿ, ಹಾವು, ಮಗ್ಗ ಎಲ್ಲವನ್ನೂ ಒಂದೇ ಕ್ಯಾನ್ವಾಸಿಗೆ ತರಬೇಕು ಎಂದು ಬರೆದಿದ್ದೀರಿ. ದಯವಿಟ್ಟು ಬೇಡ. ಅಥೆನ್ಸಿನ ಅಕ್ರೊಪೊಲಿಸ್ ಮ್ಯೂಸಿಯಂನಲ್ಲಿ ಸುಮಾರು ಕ್ರಿ.ಪೂ. 460ರ ಪುಟ್ಟ ಉಬ್ಬುಶಿಲ್ಪವೊಂದಿದೆ. ಅದರ ಫೋಟೊ ಹುಡುಕಿ ನೋಡಿ. ಶಿರಸ್ತ್ರಾಣ ತೊಟ್ಟ ದೇವಿ ಈಟಿಗೆ ಒರಗಿ, ತಲೆ ತಗ್ಗಿಸಿ ನಿಂತಿದ್ದಾಳೆ. ಗೂಬೆಯಿಲ್ಲ, ಗುರಾಣಿಯಿಲ್ಲ. ಆದರೂ ಯಾರೆಂದು ಕೇಳಬೇಕಾಗಿಲ್ಲ.

ನಾನಾದರೆ ಮೊದಲು ಏಜಿಸ್ ಆರಿಸಿಕೊಳ್ಳುತ್ತೇನೆ. ಈಟಿ, ಗುರಾಣಿ ಬೇರೆಯವರ ಕೈಯಲ್ಲೂ ಕಾಣುತ್ತವೆ. ಎದೆ, ಹೆಗಲು ಮುಚ್ಚುವ ಈ ಹೊದಿಕೆ ನೋಡುಗರಿಗೆ ತಟ್ಟನೆ ಅವಳನ್ನೇ ನೆನಪಿಸುತ್ತದೆ. ಮೈಯೆಲ್ಲ ಹುರುಪೆ, ಅಂಚಿನಲ್ಲಿ ಸುರುಳಿ ಹಾವುಗಳು, ನಡುವೆ ರಾಕ್ಷಸಿ ಗೊರ್ಗಾನ್‌ಳ ಮುಖ. 1898ರಲ್ಲಿ ಚಿತ್ರಕಾರ ಕ್ಲಿಮ್ಟ್ ಇದನ್ನು ಹೊನ್ನಿನ ಬಣ್ಣದಲ್ಲಿ, ನಾಲಗೆ ಚಾಚಿದ ಮುಖದೊಂದಿಗೆ ಬರೆದ. ನೀವೂ ಚಿನ್ನದ ಬಣ್ಣ ಬಳಸುವುದಾದರೆ ಅಲ್ಲಿಗಷ್ಟೇ ಮೀಸಲಿಡಿ. ಉಡುಪಿನ ನೆರಿಗೆಗಳಿಗೂ ಹಚ್ಚಿದರೆ ದೇವಿಯ ಮುಖ ಮಂಕಾಗುತ್ತದೆ.

ಗೂಬೆ ಬೇಕೇ ಬೇಕೆಂದರೆ ಕಿವಿಗರಿಯ ದೊಡ್ಡ ಗುಮ್ಮನನ್ನು ಬರೆಯಬೇಡಿ. ಅವಳದು ಗೇಣುದ್ದದ, ದುಂಡು ತಲೆಯ, ಹಳದಿ ಕಣ್ಣಿನ ಹಕ್ಕಿ. ನಮ್ಮ ಹಾಲಕ್ಕಿಯೂ ಅದೇ ಕುಲದ್ದು. ಕೂರುವ ಭಂಗಿಯನ್ನು ಅದರಿಂದಲೇ ಕಲಿಯಬಹುದು. ಅಥೆನ್ಸಿನ ಹಳೆಯ ಬೆಳ್ಳಿ ನಾಣ್ಯಗಳಲ್ಲಿ ಗೂಬೆಯ ಮೈ ಪಕ್ಕಕ್ಕೆ, ಮುಖ ನಮ್ಮ ಕಡೆಗೆ, ತಲೆಯ ಹಿಂದೆ ಆಲಿವ್ ಚಿಗುರು. ಎರಡು ಲಾಂಛನ ಒಂದೇ ಮೂಲೆಯಲ್ಲಿ ಕೂರುತ್ತವೆ! ಆಲಿವ್ ಎಲೆಯ ಮೇಲ್ಮೈಗೆ ಬೂದುಹಸಿರು ಕೊಡಿ, ಕೆಳಮೈಗೆ ಬೆಳ್ಳಿಬಿಳುಪು. ಅಚ್ಚ ಹಸಿರು ಬೇಡ. ಮಗ್ಗವನ್ನು ಇನ್ನೊಂದು ಚಿತ್ರಕ್ಕೆ ಇಟ್ಟುಕೊಳ್ಳಿ.