ಚಿಗುರು ನೋಡಿ ಕುಣಿಯಬೇಡ

ಪುಟ್ಟೀ, ನೀನು ಕಳಿಸಿದ ಫೋಟೋ ನೋಡಿದೆ. ಊರಿಂದ ಒಯ್ದ ಪನ್ನೀರು ಗುಲಾಬಿ ಕಡ್ಡಿ ಹದಿನೈದೇ ದಿನಕ್ಕೆ ಎರಡು ಕೆಂಪು ಚಿಗುರು ಬಿಟ್ಟಿದೆ. ನೀನು ಆಗಲೇ ಹೂ ಯಾವಾಗ ಅಂತ ಕೇಳ್ತಿದ್ದೀಯ! ಹೂ ಹಾಗಿರಲಿ, ಅದಕ್ಕಿನ್ನೂ ಬೇರೇ ಬಂದಿರಲಿಕ್ಕಿಲ್ಲ. ಕಡ್ಡಿ ಹೊರಡುವಾಗ ತಾಯಿಗಿಡದಿಂದ ಒಂದಿಷ್ಟು ಬುತ್ತಿ ಕಟ್ಟಿಕೊಂಡು ಬಂದಿರುತ್ತೆ. ಆ ಬುತ್ತಿ ತಿಂದೇ ಮೊದಲ ಚಿಗುರು ಹೊರಡೋದು. ಅದು ಮುಗಿಯೋದರೊಳಗೆ ಬೇರು ಬಿಟ್ಟರೆ ಗಿಡ, ಇಲ್ಲದಿದ್ದರೆ ಸೌದೆ.

ನಿನ್ನ ಕೈ ನನಗೆ ಗೊತ್ತಿಲ್ಲವೇ? ಅನ್ನ ಬೆಂತಾ ಅಂತ ಮೂರು ಸಲ ಮುಚ್ಚಳ ತೆಗೆಯೋಳು ನೀನು. ಕಡ್ಡಿಯನ್ನೂ ಎತ್ತಿ ನೋಡೋಣ ಅಂತ ಕೈ ತುರಿಸುತ್ತೆ. ಬೇಡ ಕಣೇ. ಹೊಸ ಬೇರು ಬಿಳೀ ನೂಲಿನ ಎಳೆಯ ಹಾಗೆ, ಶಾವಿಗೆಗಿಂತ ಸಣ್ಣಗಿರುತ್ತೆ. ಮುಟ್ಟಿದರೆ ಪಟ್ಟಂತ ಮುರಿಯುತ್ತೆ. ಎರಡು ತಿಂಗಳು ಕಡ್ಡಿ ಅಲ್ಲಾಡಬಾರದು. ಮೊದಲ ಚಿಗುರು ಬಾಡದೆ ನಿಂತು, ಮತ್ತೊಂದು ಸುತ್ತು ಎಲೆ ಬಿಟ್ಟಾಗ ಬೇರು ಹಿಡಿದಿದೆ ಅಂತ ತಿಳಿ. ಅಲ್ಲಿತನಕ ನೆತ್ತಿ ಬಿಸಿಲು ಬೇಡ. ಮಣ್ಣು ಪಸೆಯಾಗಿರಲಿ, ಕೆಸರಾಗದಿರಲಿ. ಮುಂದಿನ ಸಲ ಒಂದೇ ಕಡ್ಡಿ ಒಯ್ಯಬೇಡ. ಪೆನ್ಸಿಲ್ ದಪ್ಪದ್ದು, ಗೇಣುದ್ದದ್ದು ನಾಲ್ಕು ಒಯ್ಯಿ. ಎರಡು ಹಿಡಿದರೂ ಗೆದ್ದಂತೆ.

ನಿಮ್ಮ ಮನೆ ಹತ್ತಿರದ ನರ್ಸರಿಯವರು ಇದು ಹಳೇ ಕಾಲದ ಜಾತಿ, ಡಚ್ ಗುಲಾಬಿ ತಗೊಳ್ಳಿ ಅಂದರಂತೆ. ಹಳೇದೇ ಹೌದು. ತೋಟಗಾರಿಕೆಯವರ ಬಾಯಲ್ಲಿ ಇದು ಎಡ್ವರ್ಡ್ ಗುಲಾಬಿ. ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪಕ್ಕೆ ಹಿಂದೆ ಬೂರ್ಬಾನ್ ಅಂತ ಹೆಸರಿತ್ತು. ಅಲ್ಲಿ ಬೇಲಿಗೆ ಹಾಕಿದ್ದ ಡಮಾಸ್ಕ್ ಗುಲಾಬಿ, ಚೀನಾ ಗುಲಾಬಿ ಎರಡೂ ಬೆರೆತು 200 ವರ್ಷಗಳ ಹಿಂದೆ ತಾನಾಗಿ ಹುಟ್ಟಿದ ವಂಶ ಇದರದ್ದು. ಪರಿಮಳ ಡಮಾಸ್ಕಿನದು, ಮೇಲಿಂದ ಮೇಲೆ ಹೂ ಬಿಡೋ ಗುಣ ಚೀನಾದ್ದು. ಡಚ್ ಗುಲಾಬಿ ಹೂದಾನಿಯಲ್ಲಿ ವಾರ ನಿಲ್ಲುತ್ತೆ, ನಿಜ. ಮೂಗಿಗೆ ಹಿಡಿದರೆ ಏನಿದೆ ಅದರಲ್ಲಿ? ಪನ್ನೀರು ಗುಲಾಬಿ ಬೆಳಿಗ್ಗೆ ಅರಳಿ ಮಾರನೇ ದಿನಕ್ಕೆ ಪಕಳೆ ಉದುರಿಸುತ್ತೆ. ಆ ಒಂದು ಬೆಳಗಿಗೆ ಅಂಗಳವೆಲ್ಲ ಘಮಘಮ. ಗುಲ್ಕಂದಕ್ಕೂ ದೇವರ ಮುಡಿಗೂ ಇದೇ ಆಗಬೇಕು.

ಗಿಡ ಹಿಡಿದ ಮೇಲೆ 12 ಇಂಚಿಗೆ ಕಡಿಮೆಯಿಲ್ಲದ ಕುಂಡಕ್ಕೆ ಹಾಕು. ದಿನಕ್ಕೆ ಐದಾರು ಗಂಟೆ ಬಿಸಿಲು ಬೀಳಬೇಕು. ನಿನ್ನ ಬಾಲ್ಕನಿಗೆ ಅಷ್ಟು ಬಿಸಿಲಿಲ್ಲದಿದ್ದರೆ ಮೇಲಿನ ತಾರಸಿಗೆ ಹೊತ್ತುಕೊಂಡು ಹೋಗು. ನೀರು ಬೆಳಿಗ್ಗೆ, ಬುಡಕ್ಕೆ. ಸಂಜೆ ಆಫೀಸಿಂದ ಬಂದು ಎಲೆ ಮೇಲೆಲ್ಲ ಎರಚಬೇಡ. ರಾತ್ರಿಯಿಡೀ ಎಲೆ ಒದ್ದೆಯಿದ್ದರೆ ಕಪ್ಪು ಚುಕ್ಕೆ ರೋಗ ಬಂದು ಒಂದೊಂದೇ ಎಲೆ ಹಳದಿಯಾಗಿ ಉದುರುತ್ತೆ.

ಗೊಬ್ಬರದಲ್ಲಂತೂ ಆತುರ ಕೂಡದು. ಮದುವೆಯಾಗಿ ಬಂದ ಹೊಸದರಲ್ಲಿ, ಬೇಗ ಹೂ ಬರಲಿ ಅಂತ ಬುಡಕ್ಕೆ ಒಂದು ಬುಟ್ಟಿ ಹಸಿ ಸಗಣಿ ಸುರಿದೆ. ಹತ್ತು ದಿನದಲ್ಲಿ ಎಲೆ ಅಂಚೆಲ್ಲ ಸುಟ್ಟು ಗಿಡ ಒಣಗಿಹೋಯಿತು. ನನ್ನ ಅತ್ತೆ ಒಂದು ಮಾತೂ ಆಡಲಿಲ್ಲ. ಮಾರನೇ ದಿನ ಎಲ್ಲಿಂದಲೋ ಒಂದು ಕಡ್ಡಿ ತಂದು ಬಾವಿಕಟ್ಟೆ ಪಕ್ಕ ಚುಚ್ಚಿದರು. ನೀನು ಒಯ್ದದ್ದು ಆ ಗಿಡದ ಕಡ್ಡಿಯನ್ನೇ. ಪುಡಿಪುಡಿಯಾಗಿ ಕಳಿತ ಕೊಟ್ಟಿಗೆ ಗೊಬ್ಬರ ತಿಂಗಳಿಗೆ ಎರಡು ಹಿಡಿ ಹಾಕು, ಜೊತೆಗೆ ಚಿಟಿಕೆ ಬೇವಿನ ಹಿಂಡಿ. ಅಷ್ಟೇ ಸಾಕು.

ಇನ್ನೊಂದು ಮಾತು ಹೇಳಿದರೆ ಮುನಿಸಿಕೊಳ್ತೀಯ. ಎಳೇ ಗಿಡದಲ್ಲಿ ಮೊದಲು ಬರೋ ಮೊಗ್ಗುಗಳನ್ನು ಚಿವುಟಿಬಿಡು. ಆ ಶಕ್ತಿ ಬೇರಿಗೂ ರೆಂಬೆಗೂ ಹೋಗಲಿ. ಎರಡು ಸಲ ಚಿವುಟಿದರೆ ಮೂರನೇ ಸಲ ಗಿಡ ಕೈತುಂಬ ಕೊಡುತ್ತೆ. ಆಗ ಸೂರ್ಯ ಏರೋ ಮೊದಲೇ ಕೊಯ್ದುಕೋ, ಹೊತ್ತೇರಿದರೆ ಪರಿಮಳ ಇಳಿಯುತ್ತೆ. ಬಾಡಿದ್ದನ್ನು ಗಿಡದಲ್ಲೇ ಬಿಡಬೇಡ, ಕಾಯಿ ಕಟ್ಟೋಕೆ ಹೊರಟರೆ ಹೂ ನಿಂತುಹೋಗುತ್ತೆ.

ಚಾಟನಿ ಮಾತ್ರ ಫೋನಿನಲ್ಲಿ ಹೇಳಿ ಕಲಿಸೋ ವಿದ್ಯೆ ಅಲ್ಲ. ಮಳೆ ಹಿಂದಾದ ಮೇಲೆ, ಅಕ್ಟೋಬರಿನಲ್ಲಿ, ಒಣಗಿದ್ದು, ಸೊರಗಿದ್ದು, ಒಂದಕ್ಕೊಂದು ಉಜ್ಜೋದು ಎಲ್ಲ ತೆಗೀಬೇಕು. ಹೊರಗೆ ಮುಖ ಮಾಡಿದ ಕಣ್ಣು ಹುಡುಕಿ, ಅದರ ಮೇಲೆ ಕಾಲಂಗುಲ ಬಿಟ್ಟು ಓರೆಯಾಗಿ ಕತ್ತರಿಸಬೇಕು. ಕತ್ತರಿಸಿದ ಕಡೆ ಕಣ್ಣಿಟ್ಟು ನೋಡು. ತಿರುಳು ಬೆಳ್ಳಗಿದ್ದರೆ ಅಲ್ಲಿಗೆ ನಿಲ್ಲಿಸು, ಕಂದು ಬಣ್ಣಕ್ಕಿದ್ದರೆ ತುದಿಯಿಂದ ಒಣಗೋ ರೋಗ ಒಳಗೆ ಇಳಿದಿದೆ, ಬೆಳ್ಳಗಿನ ತಿರುಳು ಸಿಗೋ ತನಕ ಕೆಳಗೆ ಹೋಗು. ಗಿಡ ಬೋಳಾಯಿತು ಅಂತ ಅಳಬೇಡ. 45 ದಿನದ ಆಚೀಚೆ ಹೊಸ ರೆಂಬೆ ತುಂಬ ಮೊಗ್ಗಿರುತ್ತೆ.

ಈ ವರ್ಷ ನಿನ್ನ ಗಿಡಕ್ಕೆ ಕತ್ತರಿ ಬೇಡ, ಅದಿನ್ನೂ ಕೂಸು. ಆಯುಧಪೂಜೆಗೆ ಊರಿಗೆ ಬಾ. ಬಾವಿಕಟ್ಟೆ ಗಿಡದ ಮುಂದೆ ಕೂರಿಸಿ ಕೈ ಹಿಡಿದು ತೋರಿಸ್ತೀನಿ. ಅಲ್ಲಿತನಕ ಆ ಕಡ್ಡಿ ಎತ್ತಿ ನೋಡಬೇಡ, ಕೇಳಿಸ್ತಾ?