ಬಳೆಯ ಮೇಲೆ 916 ಏಕೆ?

ಒಂದು ಚಿನ್ನದ ಬಳೆಯ ಒಳಬದಿಯಲ್ಲಿ 916 ಎಂಬ ಗುರುತಿದೆ. ಇನ್ನೊಂದರಲ್ಲಿ 750 ಎಂದಿದೆ. ಮೂರನೆಯದು 20 ಕ್ಯಾರಟ್ ಚಿನ್ನದ್ದು. ಯಾವ ಬಳೆಯ ಚಿನ್ನ ಹೆಚ್ಚು ಶುದ್ಧ? ಯಾವುದು ಕಡಿಮೆ? 20 ಎಲ್ಲಕ್ಕಿಂತ ಚಿಕ್ಕ ಸಂಖ್ಯೆ, ಆದ್ದರಿಂದ ಅದೇ ಕಡಿಮೆ ಎಂದು ಅವಸರದಲ್ಲಿ ಹೇಳಬೇಡಿ. ಮೊದಲು ಈ ಸಂಖ್ಯೆಗಳ ಅರ್ಥ ತಿಳಿಯೋಣ.

ಕ್ಯಾರಟ್ ಒಂದು ಭಿನ್ನರಾಶಿ

ಶುದ್ಧ ಚಿನ್ನ ಬಹಳ ಮೆದು. ಅದರಿಂದ ಮಾಡಿದ ಒಡವೆ ಸುಲಭವಾಗಿ ಬಾಗುತ್ತದೆ, ಸವೆಯುತ್ತದೆ. ಆದ್ದರಿಂದ ಅಕ್ಕಸಾಲಿಗರು ಅದಕ್ಕೆ ತಾಮ್ರ, ಬೆಳ್ಳಿಯಂತಹ ಲೋಹಗಳನ್ನು ಬೆರೆಸುತ್ತಾರೆ. ಒಡವೆಯ ಒಟ್ಟು ತೂಕವನ್ನು 24 ಸಮಭಾಗ ಮಾಡಿದರೆ ಅದರಲ್ಲಿ ಎಷ್ಟು ಭಾಗ ಚಿನ್ನವೆಂದು ಹೇಳುವುದೇ ಕ್ಯಾರಟ್. 24 ಕ್ಯಾರಟ್ ಎಂದರೆ ಶುದ್ಧ ಚಿನ್ನ. 22 ಕ್ಯಾರಟ್ ಎಂದರೆ 22/24. ಇಲ್ಲಿ ಛೇದ ಯಾವಾಗಲೂ 24.

ದಶಮಾಂಶಕ್ಕೆ, ಶೇಕಡಾಕ್ಕೆ

ಭಿನ್ನರಾಶಿಯನ್ನು ದಶಮಾಂಶ ಮಾಡಲು ಅಂಶವನ್ನು ಛೇದದಿಂದ ಭಾಗಿಸಿ:

22 ÷ 24 = 0.91666...

ಇದರಲ್ಲಿ 6 ಮುಗಿಯದೆ ಮರುಕಳಿಸುತ್ತದೆ. ಮೊದಲ ಮೂರು ಸ್ಥಾನಗಳನ್ನಷ್ಟೇ ಇಟ್ಟುಕೊಂಡರೆ 0.916. ಅಂದರೆ 1000 ಭಾಗಗಳಲ್ಲಿ 916 ಭಾಗ ಚಿನ್ನ. ಬಳೆಯ ಮೇಲಿನ 916 ಇದೇ!

ದಶಮಾಂಶವನ್ನು ಶೇಕಡಾ ಮಾಡಲು 100ರಿಂದ ಗುಣಿಸಿ. ಆಗ ದಶಮಾಂಶ ಬಿಂದು ಎರಡು ಸ್ಥಾನ ಬಲಕ್ಕೆ ಸರಿಯುತ್ತದೆ: 0.916 × 100 = ಶೇಕಡಾ 91.6.

ಈಗ ಉಳಿದ ಎರಡು ಬಳೆಗಳನ್ನು ನೋಡಿ.

750 → 750/1000 = 3/4 = 0.75 = ಶೇಕಡಾ 75
20 ಕ್ಯಾರಟ್ → 20/24 = 5/6 = 0.833... = ಸುಮಾರು ಶೇಕಡಾ 83.3

ಹಾಗಾದರೆ 20 ಕ್ಯಾರಟ್ ಬಳೆ 750 ಗುರುತಿನ ಬಳೆಗಿಂತ ಹೆಚ್ಚು ಶುದ್ಧ. ಒಂದರ ಛೇದ 24, ಇನ್ನೊಂದರದು 1000. ಛೇದ ಬೇರೆ ಬೇರೆ ಇರುವಾಗ ಅಂಶಗಳನ್ನಷ್ಟೇ ನೋಡಿ ಹೋಲಿಸಬಾರದು. ಎಲ್ಲವನ್ನೂ ಒಂದೇ ರೂಪಕ್ಕೆ ತಂದ ಮೇಲೆ ಹೋಲಿಸಬೇಕು.

ಲೆಕ್ಕ ತಪ್ಪಿದರೆ ನಷ್ಟವೆಷ್ಟು?

3/4 ಎಂದರೆ 18/24, ಅಂದರೆ 18 ಕ್ಯಾರಟ್. 12 ಗ್ರಾಂ ತೂಕದ 22 ಕ್ಯಾರಟ್ ಬಳೆಯಲ್ಲಿ 12 × 22/24 = 11 ಗ್ರಾಂ ಚಿನ್ನವಿರುತ್ತದೆ. ಅಷ್ಟೇ ತೂಕದ 18 ಕ್ಯಾರಟ್ ಬಳೆಯಲ್ಲಿ 12 × 3/4 = 9 ಗ್ರಾಂ ಮಾತ್ರ. ಒಂದನ್ನು ಇನ್ನೊಂದೆಂದು ನಂಬಿ ಕೊಂಡರೆ 2 ಗ್ರಾಂ ಚಿನ್ನ ಕಳೆದುಕೊಂಡಂತೆ. ತಕ್ಕಡಿ ಈ ವ್ಯತ್ಯಾಸವನ್ನು ತೋರಿಸುವುದಿಲ್ಲ. ಎರಡರ ತೂಕವೂ 12 ಗ್ರಾಂ ತಾನೇ!

ಇದಕ್ಕಾಗಿಯೇ ಹಾಲ್‌ಮಾರ್ಕ್ ಇದೆ. ಭಾರತೀಯ ಮಾನಕ ಬ್ಯೂರೋ ಚಿನ್ನದ ಆಭರಣಗಳಿಗೆ ಇದನ್ನು 2000ರಲ್ಲಿ ಆರಂಭಿಸಿತು. 2021ರಿಂದ ಹಂತಹಂತವಾಗಿ ಕಡ್ಡಾಯವಾಗುತ್ತಿದೆ. ಬ್ಯೂರೋದ ಚಿಹ್ನೆ, ಶುದ್ಧತೆಯ ಸಂಖ್ಯೆ ಮತ್ತು ಆರು ಅಕ್ಷರ-ಅಂಕಿಗಳ ಗುರುತು ಇದರಲ್ಲಿರುತ್ತವೆ. ಮನೆಯವರು ಒಡವೆ ಕೊಳ್ಳುವಾಗ ಭೂತಗನ್ನಡಿಯಿಂದ ಇವನ್ನು ಓದಿ, ಕ್ಯಾರಟ್‌ಗೆ ತಾಳೆಯಾಗುತ್ತದೆಯೇ ಎಂದು ನೀವೇ ಲೆಕ್ಕ ಮಾಡಿ ಹೇಳಿ.

ನೀವೇ ಮಾಡಿ

1. 9 ಕ್ಯಾರಟ್ ಒಡವೆಯ ಮೇಲೆ ಯಾವ ಸಂಖ್ಯೆ ಇರಬೇಕು?
2. 750 ಗುರುತಿನ 16 ಗ್ರಾಂ ಸರದಲ್ಲಿ ಶುದ್ಧ ಚಿನ್ನ ಎಷ್ಟು?
3. ಶೇಕಡಾ 50ರಷ್ಟು ಚಿನ್ನವಿದ್ದರೆ ಅದು ಎಷ್ಟು ಕ್ಯಾರಟ್?

ಉತ್ತರಗಳು: 1) 9/24 = 3/8 = 0.375, ಆದ್ದರಿಂದ 375. 2) 12 ಗ್ರಾಂ. 3) 12 ಕ್ಯಾರಟ್.