ಹಿಟ್ಟು ಮತ್ತು ಮಲ್ಲಿಗೆ

ಕೈ ಬರಿದಾದಾಗ ಮನೆಖರ್ಚಿನ ಪಟ್ಟಿಯಿಂದ ನೀವು ಮೊದಲು ಹೊಡೆದುಹಾಕುವುದು ಯಾವುದನ್ನು? ಸಿನಿಮಾ, ಮಕ್ಕಳ ಸಂಗೀತ ಪಾಠ, ಕಥೆಪುಸ್ತಕ, ಅಲ್ಲವೇ? 'ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ' ಎಂದು ಹಿರಿಯರು ಇಂಥ ಖರ್ಚನ್ನು ಗೇಲಿ ಮಾಡುತ್ತಿದ್ದರು. ಈ ಮಾತು ಎಷ್ಟರಮಟ್ಟಿಗೆ ಸರಿ? ದೊಡ್ಡ ದೇಶವೊಂದು ಬಡತನಕ್ಕೆ ಬಿದ್ದ ಕಾಲವನ್ನು ನೋಡೋಣ.

1929ರ ಅಕ್ಟೋಬರಿನಲ್ಲಿ ಅಮೆರಿಕದ ಷೇರುಪೇಟೆ ಕುಸಿಯಿತು. ಮುಂದಿನ ವರ್ಷಗಳಲ್ಲಿ ಸಾವಿರಾರು ಬ್ಯಾಂಕುಗಳು ಮುಳುಗಿದವು, ಕಾರ್ಖಾನೆಗಳು ಮುಚ್ಚಿದವು. 1933ರ ಹೊತ್ತಿಗೆ ದುಡಿಯುವ ನಾಲ್ವರಲ್ಲಿ ಸುಮಾರು ಒಬ್ಬರಿಗೆ ಕೆಲಸವಿರಲಿಲ್ಲ.

ಟಿಕೆಟಿನ ಜೊತೆಗೊಂದು ಬಟ್ಟಲು

ಮೊದಮೊದಲು ಚಿತ್ರಮಂದಿರಗಳೂ ಬರಿದಾದವು. ಮಾಲೀಕರು ದರ ಇಳಿಸಿದರು, ಒಂದೇ ಟಿಕೆಟಿಗೆ ಎರಡು ಚಿತ್ರ ತೋರಿಸಿದರು. ಕೆಲವು ಕಡೆ ವಾರದಲ್ಲೊಂದು ದಿನ ಬಂದ ಹೆಂಗಸರಿಗೆ ತಟ್ಟೆಯನ್ನೋ ಬಟ್ಟಲನ್ನೋ ಕೊಟ್ಟರು. ಬಿಡದೆ ಬಂದವರ ಮನೆಯಲ್ಲಿ ಊಟದ ಸೆಟ್ಟೇ ಪೂರ್ತಿಯಾಗುತ್ತಿತ್ತು!

ತೆರೆಯ ಮೇಲೆ ಸಿಕ್ಕಿದ್ದೆಲ್ಲ ಮರೆವಿನ ಮದ್ದಲ್ಲ. 1936ರಲ್ಲಿ ಬಂದ ಚಾರ್ಲಿ ಚಾಪ್ಲಿನ್‌ರ 'ಮಾಡರ್ನ್ ಟೈಮ್ಸ್' ಚಿತ್ರದಲ್ಲಿ, ಊಟದ ಬಿಡುವನ್ನೂ ಉಳಿಸಲೆಂದು ಕಾರ್ಮಿಕನಿಗೆ ಯಂತ್ರದಿಂದ ಉಣ್ಣಿಸುವ ಪ್ರಯೋಗ ನಡೆಯುತ್ತದೆ. ಹೊಟ್ಟೆ ಹುಣ್ಣಾಗುವಷ್ಟು ನಗಿಸುವ ಈ ದೃಶ್ಯ, ಮನುಷ್ಯ ಯಂತ್ರಕ್ಕಿಂತ ಅಗ್ಗವಾದನೇ ಎಂದೂ ಕೇಳುತ್ತದೆ. ಬಾಲ್ಯದ ಕೆಲಕಾಲವನ್ನು ಲಂಡನ್ನಿನ ಬಡವರ ಆಶ್ರಯಗೃಹದಲ್ಲಿ ಕಳೆದಿದ್ದ ಚಾಪ್ಲಿನ್‌ರಿಗೆ ಬಡತನ ಹೊಸತಾಗಿರಲಿಲ್ಲ.

ಕಲಾವಿದನಿಗೂ ಹಸಿವಿದೆ

ಮಾತಿನ ಚಿತ್ರಗಳು ಬಂದು, ಮೂಕಿಚಿತ್ರಗಳಿಗೆ ವಾದ್ಯ ನುಡಿಸುತ್ತಿದ್ದವರು ಆಗಲೇ ಕೆಲಸ ಕಳೆದುಕೊಂಡಿದ್ದರು. 1935ರಲ್ಲಿ ಸರಕಾರ ಚಿತ್ರಕಾರರಿಗೆ, ಸಂಗೀತಗಾರರಿಗೆ, ನಟರಿಗೆ, ಲೇಖಕರಿಗೆ ಸಂಬಳದ ಕೆಲಸ ಕೊಡುವ ಯೋಜನೆ ತಂದಿತು. ಇದು ದುಂದುವೆಚ್ಚ ಎಂದವರಿಗೆ ಯೋಜನೆಯ ಮುಖ್ಯಸ್ಥ ಹ್ಯಾರಿ ಹಾಪ್‌ಕಿನ್ಸ್ ಕೊಟ್ಟ ಉತ್ತರ ಸರಳ: ಎಲ್ಲರಂತೆ ಅವರೂ ಉಣ್ಣಬೇಕಲ್ಲ! ಶಾಲೆ, ಆಸ್ಪತ್ರೆಗಳ ಗೋಡೆಗಳ ಮೇಲೆ ಚಿತ್ರಗಳು ಮೂಡಿದವು. ಹಿಂದೆ ಗುಲಾಮರಾಗಿದ್ದ 2,000ಕ್ಕೂ ಹೆಚ್ಚು ವೃದ್ಧರ ಜೀವನಕಥೆಗಳು ಬರಹಕ್ಕಿಳಿದವು. ಆ ಹಸಿವಿನ ವರ್ಷಗಳಲ್ಲಿ ಬರೆದಿಡದಿದ್ದರೆ ಅವು ಅವರೊಂದಿಗೇ ಮಣ್ಣಾಗುತ್ತಿದ್ದವು.

ಆ ತಾಯಿಗೆ ಸಿಕ್ಕಿದ್ದೇನು?

ಆದರೂ ಒಂದು ನೋವಿನ ಸಂಗತಿಯನ್ನು ಮರೆಯಬಾರದು. 1936ರ ಮಾರ್ಚಿನಲ್ಲಿ ಡೊರೊಥಿಯಾ ಲ್ಯಾಂಗ್ ಕ್ಯಾಲಿಫೋರ್ನಿಯದ ಕೂಲಿಕಾರರ ಬಿಡಾರದಲ್ಲಿ ಒಬ್ಬ ತಾಯಿಯ ಫೋಟೊ ತೆಗೆದರು. ಬಟಾಣಿ ಬೆಳೆ ಚಳಿಗೆ ಸುಟ್ಟುಹೋಗಿ ಅಲ್ಲಿ ಕೂಲಿಯಿರಲಿಲ್ಲ. ಸುದ್ದಿ ಪತ್ರಿಕೆಯಲ್ಲಿ ಬಂದೊಡನೆ ಸರಕಾರ ಬಿಡಾರಕ್ಕೆ ಆಹಾರ ಕಳುಹಿಸಿತು. ಅಷ್ಟರಲ್ಲಿ ಆ ಕುಟುಂಬ ಕೂಲಿ ಹುಡುಕುತ್ತ ಮುಂದೆ ಹೋಗಿತ್ತು. ಚಿತ್ರ ಜಗತ್ಪ್ರಸಿದ್ಧವಾಯಿತು, ತನಗೆ ಅದರಿಂದ ಏನೂ ಸಿಗಲಿಲ್ಲವೆಂದು ಆಕೆ ಮುಪ್ಪಿನಲ್ಲಿ ಹೇಳಿಕೊಂಡರು.

ಹಾಗಾದರೆ ಗಾದೆ ಸುಳ್ಳೇ? ಇಲ್ಲ. ಅದು ಗೇಲಿ ಮಾಡುವುದು ಒಣ ಜಂಬವನ್ನು. ಕಷ್ಟದ ನಡುವೆ ಎರಡು ಗಂಟೆ ನಕ್ಕು ಮನೆಗೆ ಮರಳಿದವರದು ಜಂಬವಲ್ಲ, ಬದುಕುವ ಛಲ. ಕಲೆ ಹಿಟ್ಟಿನ ಬದಲಿಗೆ ಬರಲಾರದು. ಹಿಟ್ಟಿಲ್ಲದವರನ್ನು ನಮ್ಮ ಕಣ್ಣಿಗೆ ಕಾಣಿಸಬಲ್ಲದು. ಕಂಡ ಮೇಲಿನ ಹೊಣೆ ನಮ್ಮದು.

ಮನೆಯಲ್ಲಿ ಕುಳಿತು ಮಾತಾಡಿ

1. ಕಷ್ಟದ ದಿನಗಳಲ್ಲಿ ನಿಮ್ಮ ಮನೆಯವರಿಗೆ ಧೈರ್ಯ ತಂದ ಹಾಡು, ನಾಟಕ ಅಥವಾ ಸಿನಿಮಾ ಯಾವುದು? ಅಜ್ಜ-ಅಜ್ಜಿಯರನ್ನೂ ಕೇಳಿ.

2. ಬಡವರ ಚಿತ್ರ ನೋಡಿ ಕಣ್ಣೀರಿಟ್ಟ ನಾವು, ಅವರಿಗಾಗಿ ಏನು ಮಾಡಿದೆವು?

3. ನಿಮ್ಮ ಊರಿನ ವಾದ್ಯದವರಿಗೆ, ಕಲಾವಿದರಿಗೆ ನಾವು ಕೊಡುವುದು ಕೂಲಿಯೋ, ಬರೀ ಚಪ್ಪಾಳೆಯೋ?